ಜೋಗುಳಕ್ಕೆ ಬಿದ್ದ ಕೆಂಪು ಸಿಗ್ನಲ್

ನಮ್ಮ ಮನೆಯ ಕಂಪ್ಯೂಟರಿಗೆ ನಾನೇ ಕಸೂತಿ ಹಾಕಿದ ಹೊದಿಕೆಯೊಂದಿದೆ. ನಾಗಪುರದ ಬೇಸಿಗೆಯ ಧೂಳು ತಾಗದಿರಲೆಂದು ಹೊರಗೆ ಆ ಬಟ್ಟೆ. ಜಾಲಲೋಕದ ಧೂಳು ಹೊಗದಿರಲೆಂದು ಒಳಗೆ ಮಗ ಹಾಕಿಕೊಟ್ಟ ಆಂಟಿವೈರಸ್. ಎರಡರಲ್ಲಿ ಬಟ್ಟೆಯದು ಸಂಭಾವಿತ ಸ್ವಭಾವ, ಧೂಳು ತಡೆದೆನೆಂದು ಅದು ಎಂದೂ ಹೇಳಿಕೊಂಡಿಲ್ಲ. ಇನ್ನೊಂದು, ನಾನು ಉಪ್ಪಿನಕಾಯಿಯ ಅಳತೆ ಹುಡುಕುತ್ತಿರುವಾಗ ಮೂಲೆಯಿಂದ ತಲೆಹಾಕಿ, ನಿಮ್ಮನ್ನು ಈಗಷ್ಟೇ ಅಪಾಯದಿಂದ ಪಾರುಮಾಡಿದೆ ಎನ್ನುತ್ತದೆ. ನಿಮ್ಮ ಮನೆಯಲ್ಲೂ ಇಂಥ ಉಪಕಾರಿಯಿದ್ದರೆ, ಯಾವುದರಿಂದ ಪಾರಾದೆವೆಂದು ತಿಳಿಯದೆ ಕೃತಜ್ಞರಾಗಿರುವ ಮುಜುಗರ ನಿಮಗೂ ಗೊತ್ತಿರುತ್ತದೆ.

ಮೊಮ್ಮಗಳ ನಾಮಕರಣ ಹತ್ತಿರ ಬಂದಾಗ ಈ ಉಪಕಾರ ನನಗೆ ಅಡ್ಡ ನಿಂತಿತು. ಸೊಸೆ ಇದೇ ಊರಿನ ಮಹಾಲ್ ಪೇಟೆಯ ಮರಾಠಿ ಮನೆಯವಳು. ತೊಟ್ಟಿಲು ತೂಗುವ ದಿನ ಅವಳ ತವರಿನ ಹೆಂಗಸರು ಸಾಲಾಗಿ ಕೂತು ಪಾಳಣಾ ಎಂಬ ತಮ್ಮ ಜೋಗುಳ ಹಾಡುತ್ತಾರೆ, ಅವರಿಗೆ ಹಾಡಿನ ಬರವಿಲ್ಲ. ನಮ್ಮ ಕಡೆಗೆ ನಾನೊಬ್ಬಳೇ. ನಮ್ಮ ತಾಯಿಯ ಜೋಗುಳವನ್ನು ಪೂರ್ತಿ ಬಲ್ಲವಳು ಅಕ್ಕ ಎಂದು ನಾನು ನಂಬಿದ್ದೆ, ಅವಳು ಹೋದ ವರ್ಷ ತೀರಿಕೊಂಡಳು. ಅವಳು ಹಾಡಿದ್ದನ್ನು ಗದಗಿನ ಅವಳ ಭಜನಾ ಮಂಡಳಿಯವರು ತಮ್ಮ ಜಾಲತಾಣದಲ್ಲಿ ಇಟ್ಟಿದ್ದರು. ಕನ್ನಡದ ಒಂದು ನುಡಿಯೂ ಕಿವಿಗೆ ಬೀಳದೆ ಆ ಮಗು ಹೆಸರು ಪಡೆಯುವುದು ನನಗೆ ಸಹಿಸಲಾಗದ ಮಾತಾಗಿತ್ತು.

ತಾಣ ತೆರೆದರೆ ಪರದೆಯ ತುಂಬ ಕೆಂಪು. ಇಲ್ಲಿ ಹಾನಿಯಿದೆ, ಹಿಂದಿರುಗಿ ಎಂದು ದಪ್ಪ ಅಕ್ಷರ. ಆದರೂ ಮುಂದುವರಿಯಿರಿ ಎಂದು ಕೆಳಗೆ ಸಣ್ಣ ಅಕ್ಷರ. ನೋಡಿಕೊಳ್ಳುವವರಿಲ್ಲದ ತಾಣಕ್ಕೆ ಯಾವುದೋ ಕೇಡು ಹೊಕ್ಕಿರಬೇಕು, ನಿಜ. ಆದರೆ ಇರುವೆ ಕಂಡರೆ ಸುತ್ತುಹಾಕಿ ನಡೆಯುತ್ತಿದ್ದ ಅಕ್ಕ ಹಾನಿಕಾರಿಗಳ ಪಟ್ಟಿಗೆ ಸೇರಿದ್ದಕ್ಕೆ ನನಗೆ ಸಿಟ್ಟು ಬಂತು. ನಮ್ಮ ಯಜಮಾನರು ರೈಲಿನ ಎಂಜಿನ್ ಓಡಿಸಿ ನಿವೃತ್ತರಾದವರು. ಕೆಂಪು ಕಂಡದ್ದೇ ತಡ, ಮೌಸನ್ನು ನನ್ನ ಕೈಯಿಂದ ತೆಗೆದು ದೂರ ಇಟ್ಟರು.

“ಕೆಂಪ ಬಿದ್ದೈತಿ. ದಾಟಂಗಿಲ್ಲ,” ಎಂದರು.

ಮೂವತ್ತು ವರ್ಷ ಅವರ ಊಟದ ಡಬ್ಬಿ ಕಟ್ಟಿದವಳಿಗೆ ರೈಲ್ವೆಯ ನಿಯಮ ಅಷ್ಟಿಷ್ಟು ತಿಳಿಯದೆ ಇರುತ್ತದೆಯೇ. “ಆಟೋಮ್ಯಾಟಿಕ್ ಸಿಗ್ನಲ್ ಕೆಂಪ ಇದ್ರ ಏನ್ ಮಾಡ್ತಿದ್ರಿ?” ಎಂದು ಕೇಳಿದೆ.

“ಒಂದ್ ನಿಮಿಷ ನಿಂತು, ಸೀಟಿ ಹೊಡದು, ಸಾವಕಾಶ ಹೋಗ್ತಿದ್ವಿ.”

“ಹಂಗ ಹೋಗ್ರಿ.”

ನಿಯಮಕ್ಕೆ ಅವರು ಎದುರಾಡುವವರಲ್ಲ. ಗಡಿಯಾರ ನೋಡುತ್ತ ಒಂದು ನಿಮಿಷ ಕೂತರು, ಸೀಟಿಯ ಬದಲು ಗಂಭೀರವಾಗಿ ಕೆಮ್ಮಿದರು, ಸಣ್ಣ ಅಕ್ಷರವನ್ನು ಒತ್ತಿದರು.

ಅಕ್ಕ ಹಾಡಿದಳು. ನನಗೆ ದುಃಖ ಒತ್ತರಿಸಿ ಬಂತು. ಎರಡು ನುಡಿ ಹಾಡಿ ನಿಲ್ಲಿಸಿ, ಕೇಳುತ್ತಿದ್ದವರಿಗೆ ಹೇಳಿದಳು: “ಮುಂದಿಂದು ನನಗ ಬರೂದಿಲ್ಲವ್ವಾ. ನಾಗಪುರದಾಗ ನಮ್ಮ ತಂಗಿ ಅದಾಳ, ಆಕಿಗಿ ಪೂರಾ ಬರತೈತಿ.”

ನನಗೆ ಬರುತ್ತಿರಲಿಲ್ಲ. ಅಕ್ಕನಿದ್ದಾಳೆಂದು ನಾನು, ತಂಗಿಯಿದ್ದಾಳೆಂದು ಅವಳು, ಇಬ್ಬರೂ ನಿಶ್ಚಿಂತರಾಗಿದ್ದೆವು. ಇಂಥದ್ದನ್ನು ಮೊದಲೇ ಎಚ್ಚರಿಸುವ ತಂತ್ರಾಂಶ ಇನ್ನೂ ಬಂದಂತಿಲ್ಲ.

ನಾಮಕರಣದ ದಿನ ತೊಟ್ಟಿಲ ಹಗ್ಗ ಹಿಡಿದು ಆ ಎರಡು ನುಡಿ ಹಾಡಿದೆ. ಮೂರನೆಯದನ್ನು, ನಾಲ್ಕನೆಯದನ್ನು ಮಗುವಿನ ಮುಖ ನೋಡುತ್ತ ಅಲ್ಲೇ ಕಟ್ಟಿದೆ. ಬೀಗಿತಿ ಮೆಚ್ಚಿಕೊಂಡು, “ಕೋಣೀ ಶಿಕವಲಂ?” ಎಂದು, ಯಾರು ಕಲಿಸಿದ್ದೆಂದು, ಕೇಳಿದರು.

“ಅಕ್ಕ,” ಎಂದೆ.