ಕಂಡಕ್ಟರಮ್ಮನೂ ದುಂಡಗಾದ ಗುಬ್ಬಿಗಳೂ

ವಿಶ್ವವಿದ್ಯಾಲಯದ ಹಿಂಬದಿ ಗೇಟಿನಿಂದ ಹೊರಬಿದ್ದರೆ ಮೊದಲು ಸಿಗುವುದು ಸೈಕಲ್ ರಿಪೇರಿ ಅಂಗಡಿ. ಅದನ್ನು ದಾಟಿದರೆ ಹೆಂಚಿನ ಮನೆಗಳ ಸಾಲು. ಸಾಲಿನ ಕೊನೆಯ ಮನೆ ಕಂಡಕ್ಟರಮ್ಮನದು. ಬಸ್ಸಿನ ಕೆಲಸದಿಂದ ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಆ ಹೆಸರು ಹೋಗಿರಲಿಲ್ಲ, ದನಿಯೂ ಇಳಿದಿರಲಿಲ್ಲ. ತರಕಾರಿ ಅಂಗಡಿಯ ಮುಂದೆ ಜನ ಗುಂಪುಗೂಡಿದರೆ ಸಾಕು, "ಬಾಗಿಲ ಹತ್ರ ನಿಲ್ಬೇಡಿ, ಒಳಗೆ ಜಾಗ ಇದೆ" ಎಂದು ಬಾಯಿಗೆ ಬಂದುಬಿಡುತ್ತಿತ್ತು.

ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ತಂಗಿ ಸಿಗುತ್ತಿದ್ದದ್ದು ಫೋನಿನಲ್ಲಿ ಮಾತ್ರ. ದಿನಕ್ಕೆ ಒಂದು ಊರಿನಷ್ಟು ಮುಖ ನೋಡಿ ಬದುಕಿದವಳಿಗೆ ಈಗ ಕನ್ನಡಿಯಲ್ಲಿ ಕಾಣುವುದೊಂದೇ ಮುಖ. ಅವಳಿಗೆ ಬೇಸರವಾಗುತ್ತಿತ್ತು. ಕೆಲವು ಮಧ್ಯಾಹ್ನ ಅಳು ಬರುವಷ್ಟು ಬೇಸರ. ಅದನ್ನು ತಂಗಿಗೂ ಹೇಳಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಬಾಗಿಲು ತಟ್ಟಿದವಳು ಸಮಾಜಶಾಸ್ತ್ರ ವಿಭಾಗದ ಹುಡುಗಿ. ಒಬ್ಬರೇ ಇರುವ ಹಿರಿಯರು ದಿನ ಹೇಗೆ ಕಳೆಯುತ್ತಾರೆ ಎಂಬುದು ಅವಳ ಪಿಎಚ್‌ಡಿ ವಿಷಯ. ತಿಂಗಳಿಗೊಮ್ಮೆ ಬಂದು ಅದೇ ಅದೇ ಪ್ರಶ್ನೆ ಕೇಳುವುದು ಅವಳ ಕೆಲಸವಾದ್ದರಿಂದ ಕಂಡಕ್ಟರಮ್ಮ ಅವಳಿಗೆ ಪ್ರಶ್ನೆ ಹುಡುಗಿ ಎಂದು ಹೆಸರಿಟ್ಟಳು.

"ಕಳೆದ ವಾರ ನಿಮ್ಮನೆಗೆ ಎಷ್ಟು ಜನ ಬಂದಿದ್ರು ಅಮ್ಮ?"

"ನೀನು ಬಂದಿದೀಯಲ್ಲ."

"ನಾನು ಲೆಕ್ಕಕ್ಕೆ ಬರಲ್ಲ. ಸಂಶೋಧನೆಗೆ ಅಂತ ಬಂದವರನ್ನ ಸೇರಿಸೋ ಹಾಗಿಲ್ಲ, ಅದು ನಿಯಮ."

"ಎರಡು ಲೋಟ ಟೀ ಕುಡಿದು, ಇಷ್ಟು ಹೊತ್ತು ಹರಟೆ ಹೊಡೆದು, ಲೆಕ್ಕಕ್ಕೆ ಬರಲ್ವಾ? ಚೆನ್ನಾಗಿದೆ ನಿಮ್ಮ ನಿಯಮ. ಹಾಗಾದ್ರೆ ಸೊನ್ನೆ ಬರ್ಕೋ."

ಹುಡುಗಿ ಸೊನ್ನೆ ಬರೆದುಕೊಂಡಳು. ಕಂಡಕ್ಟರಮ್ಮನಿಗೆ ಮಾತ್ರ ರುಚಿ ಹತ್ತಿತು. ಹುಡುಗಿಯನ್ನು ಬೀಳ್ಕೊಡುವ ನೆಪದಲ್ಲಿ ಗೇಟಿನ ತನಕ ಹೋದವಳು ಅಲ್ಲಿ ಅಂಟಿಸಿದ್ದ ಪೋಸ್ಟರುಗಳನ್ನೆಲ್ಲ ಓದಿದಳು. ಸಂಶೋಧನೆಗೆ ಮಂಡಿ ನೋವಿದ್ದವರು ಬೇಕಾಗಿದ್ದಾರೆ. ಮಂಡಿ ನೋವೇ? ಬಸ್ಸಿನಲ್ಲಿ ನಿಂತೇ ಆಯುಷ್ಯ ಸವೆಸಿದವಳ ಹತ್ತಿರ ಅದಕ್ಕೇನು ಬರ. ಹೋಗಿ ಹೆಸರು ಕೊಟ್ಟಳು.

ಆಮೇಲೆ ಒಂದಕ್ಕೊಂದು ಸೇರಿಕೊಂಡಿತು. ಮಂಡಿ ಮೇಷ್ಟ್ರು ಅವಳ ಕಾಲಿಗೆಲ್ಲ ಹೊಳೆಯುವ ಗುಂಡು ಅಂಟಿಸಿ, ಉದ್ದನೆಯ ಚಾಪೆಯ ಮೇಲೆ ನಡೆಸಿ, ಕ್ಯಾಮೆರಾದಲ್ಲಿ ಹಿಡಿದರು. ಆಹಾರ ವಿಜ್ಞಾನದ ಗಂಜಿ ಮೇಡಂ ಹಿರಿಯರ ಮಾಂಸಖಂಡ ಗಟ್ಟಿಯಾಗಲೆಂದು ಕಾಳಿನ ತರಿಯ ಪೊಟ್ಟಣ ಕೊಟ್ಟು, ದಿನವೂ ಗಂಜಿ ಮಾಡಿ ಕುಡಿಯಲು ಹೇಳಿದರು. ಮಣ್ಣಿನವರು ಹೂಕುಂಡದಿಂದ ಒಂದು ಚಮಚ ಕೆದಕಿಕೊಂಡು ಹೋದರು. ಅರ್ಥಶಾಸ್ತ್ರದವರು ತರಕಾರಿ ಚೀಲ ಇಣುಕಿ ನೋಡಿದರು. ಮನಃಶಾಸ್ತ್ರದವರು ಕತ್ತಲೆ ಕೋಣೆಯಲ್ಲಿ ಕೂರಿಸಿ ಬಣ್ಣದ ದೀಪ ತೋರಿಸಿದರೆ, ಈಕೆ ಅಲ್ಲೇ ಸೊಗಸಾಗಿ ನಿದ್ದೆ ಹೊಡೆದಳು. ಕೊನೆಗೆ ಪ್ರಾಣಿಶಾಸ್ತ್ರದ ಗುಬ್ಬಿಯವನು ಬಂದ. ಅವನಿಗೆ ಬೇಕಾಗಿದ್ದದ್ದು ಇವಳಲ್ಲ, ಇವಳ ಸೂರು. ಹೆಂಚಿನ ಕೆಳಗೆ ಮರದ ಗೂಡುಗಳನ್ನು ಸಿಕ್ಕಿಸಿ, "ಗುಬ್ಬಿಗೆ ಮಾತ್ರ ಏನೂ ಹಾಕ್ಬೇಡಿ ಅಮ್ಮ, ನನ್ನ ಲೆಕ್ಕ ತಪ್ಪುತ್ತೆ" ಎಂದು ಹೇಳಿ ಹೋದ.

"ಇನ್ನು ನಿನ್ನನ್ನ ಬಾಟಲಿಗೆ ಹಾಕಿ ಮೇಲೆ ಚೀಟಿ ಅಂಟಿಸೋದೊಂದೇ ಬಾಕಿ ಅಕ್ಕ" ಎಂದಳು ತಂಗಿ ಫೋನಿನಲ್ಲಿ. ಅಕ್ಕ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಹಾಗೆ ನಕ್ಕು ಕಾಲವಾಗಿತ್ತು.

ಆದರೆ ಒಂದು ತೊಡಕಿತ್ತು. ಒಬ್ಬರು ಒಂದು ಹೊತ್ತಿಗೆ ಒಂದೇ ಅಧ್ಯಯನದಲ್ಲಿರಬೇಕು ಎಂಬುದು ಅಲ್ಲಿನ ಕಟ್ಟುಪಾಡು. "ಬೇರೆ ಎಲ್ಲೂ ಸೇರಿಲ್ಲ ತಾನೆ?" ಎಂದು ಮೇಷ್ಟ್ರೂ ಕೇಳಿದ್ದರು, ಮೇಡಂ ಕೂಡ ಕೇಳಿದ್ದರು. ಕಂಡಕ್ಟರಮ್ಮ ಇಬ್ಬರಿಗೂ ಇಲ್ಲವೆಂದಿದ್ದಳು. ಸೇರಿದ್ದೇನೆ ಎಂದರೆ ಒಂದು ಬಾಗಿಲು ಉಳಿದು ಮಿಕ್ಕದ್ದೆಲ್ಲ ಮುಚ್ಚುತ್ತಿತ್ತಲ್ಲ.

ಗಂಜಿಯ ವಿಷಯಕ್ಕೆ ಬಂದರೆ, ಅದರ ರುಚಿ ಪೋಸ್ಟರ್ ಅಂಟಿಸುವ ಅಂಟಿನ ಹಾಗಿತ್ತು. ಒಂದು ದಿನ ಕುಡಿದಳು, ಇನ್ನೊಂದು ದಿನ ಮೂಗು ಹಿಡಿದು ಕುಡಿದಳು, ಮೂರನೆಯ ದಿನದಿಂದ ತರಿಯನ್ನು ಹಿತ್ತಲ ಗೋಡೆಯ ಮೇಲೆ ಸುರಿಯತೊಡಗಿದಳು. ಗುಬ್ಬಿಗಳು ಬಂದು ಮುತ್ತಿಕೊಂಡವು. ತಾನು ಎಸೆದದ್ದೇ ಹೊರತು ಹಾಕಿದ್ದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬಸ್ಸಿನಲ್ಲಿ ಇಂಥ ಸಬೂಬು ಹೇಳಿದವರನ್ನು ಅವಳು ಮುಂದಿನ ಸ್ಟಾಪಿನಲ್ಲೇ ಇಳಿಸಿಬಿಡುತ್ತಿದ್ದಳು.

ಹೀಗೇ ನಡೆಯುತ್ತಿರಲಾಗಿ, ಗುಬ್ಬಿಯವನು ಒಂದು ಸಂಜೆ ಕಾಲು ನೆಲದ ಮೇಲೆ ನಿಲ್ಲದಂತೆ ಓಡಿ ಬಂದ.

"ಅಮ್ಮ, ನಿಮ್ಮನೆ ಗುಬ್ಬಿಗಳು ಬೇರೆ ಎಲ್ಲ ಕಡೆಗಿಂತ ಜಾಸ್ತಿ ಮೊಟ್ಟೆ ಇಡ್ತಿವೆ. ತೂಕನೂ ಜಾಸ್ತಿ. ಹಳೇ ಹೆಂಚಿನ ಕಾವೇ ಕಾರಣ ಇರ್ಬೇಕು. ಮುಂದಿನ ವಾರ ದೊಡ್ಡ ಸಭೆಯಲ್ಲಿ ಇದನ್ನೇ ಮಂಡಿಸ್ತಿದೀನಿ. ನಮ್ಮ ಪ್ರೊಫೆಸರ್ ಮೊದಲನೇ ಸಲ ಬೆನ್ನು ತಟ್ಟಿದ್ರು."

ನಿಜವಾದ ಕಾರಣ ಕಂಡಕ್ಟರಮ್ಮನಿಗೆ ತಕ್ಷಣ ಹೊಳೆಯಿತು. ಹೆಂಚಿನ ಕಾವಲ್ಲ, ಗಂಜಿ ಮೇಡಂನ ತರಿ. ಅವನಿಗೆ ಟೀ ಕೊಟ್ಟು ಕಳಿಸಿದಳೇ ಹೊರತು ತನ್ನ ಲೋಟ ಮುಟ್ಟಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಹುಡುಗ ಸಭೆಯಲ್ಲಿ ಹತ್ತು ಜನರ ಎದುರು ನಗೆಪಾಟಲಾಗುತ್ತಾನೆ. ಬಾಯಿ ಬಿಟ್ಟರೆ ಮನೆ ಮತ್ತೆ ಮೊದಲಿನಂತೆ ಬಿಕೋ ಎನ್ನುತ್ತದೆ. ಅವಳಿಗೆ ಎರಡನೆಯದರ ಭಯವೇ ಹೆಚ್ಚಿತ್ತು, ಸುಳ್ಳೇಕೆ ಹೇಳಬೇಕು. ಆದರೂ ಬೆಳಗಾಗುತ್ತಲೇ ಇನ್ನೂ ಅಧ್ಯಯನ ಮುಗಿಯದಿದ್ದ ಪ್ರಶ್ನೆ ಹುಡುಗಿ, ಮೇಷ್ಟ್ರು, ಮೇಡಂ, ಗುಬ್ಬಿಯವನು ಈ ನಾಲ್ಕು ಜನಕ್ಕೂ ಫೋನು ಮಾಡಿ, ಒಬ್ಬರ ಸುದ್ದಿ ಒಬ್ಬರಿಗೆ ಹೇಳದೆ, ಮನೆಗೆ ಬರಹೇಳಿದಳು.

ನಾಲ್ವರೂ ಒಂದೇ ಬೆಂಚಿನ ಮೇಲೆ ಇಕ್ಕಟ್ಟಾಗಿ ಕೂತು ಒಬ್ಬರನ್ನೊಬ್ಬರು ಪಿಳಿಪಿಳಿ ನೋಡಿದರು. ಒಂದೇ ಆವರಣದಲ್ಲಿ ವರ್ಷಗಟ್ಟಲೆ ಇದ್ದರೂ ಅವರಿಗೆ ಪರಸ್ಪರ ಮುಖಪರಿಚಯವಿರಲಿಲ್ಲ. ಕಂಡಕ್ಟರಮ್ಮ ಬಸ್ಸಿನಲ್ಲಿ ನಿಂತಂತೆ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ತರಿ ನಾನು ತಿಂದಿಲ್ಲ ಮೇಡಂ, ಗುಬ್ಬಿ ತಿಂದಿದ್ದು. ತಪ್ಪು ನಂದು."

"ಮತ್ತೆ ನಿಮ್ಮ ಕಾಲಿನ ಬಲ ಅಷ್ಟು ಹೆಚ್ಚಾಗಿದ್ದು ಹೇಗೆ?" ಎಂದರು ಮೇಡಂ ಮೆಲ್ಲಗೆ.

"ಮೇಷ್ಟ್ರ ಚಾಪೆ ಮೇಲೆ ನಡೆದು ನಡೆದು."

ಮೇಷ್ಟ್ರು ತಲೆ ಕೆರೆದುಕೊಂಡರು. "ಅಂದ್ರೆ ಈಚೆಗೆ ನಿಮ್ಮ ನಡಿಗೆ ಇಷ್ಟು ಸುಧಾರಿಸಿದ್ದು?"

"ಅದು ಇವರೆಲ್ಲರ ಹತ್ರ ಓಡಾಡಿ. ಕತ್ತಲೆ ಕೋಣೆ ಮೂರನೇ ಮಹಡೀಲಿದೆ, ಲಿಫ್ಟ್ ಕೆಟ್ಟಿದೆ."

ಮೊದಲು ನಕ್ಕವರು ಮೇಡಂ. ಗುಬ್ಬಿಯವನೊಬ್ಬನಿಗೆ ನಗು ಬರಲಿಲ್ಲ. ಮುಖ ಸಪ್ಪಗೆ ಮಾಡಿಕೊಂಡು, "ಸಭೆಗೆ ಮುಂಚೆ ಹೇಳಿದ್ರಲ್ಲ ಅಮ್ಮ, ಅಷ್ಟೇ ಸಾಕು" ಎಂದು ಏಣಿ ಹಾಕಿ ಗೂಡುಗಳ ಮೇಲಿನ ನಂಬರು ಕಿತ್ತುಕೊಂಡ. ನಿಯಮ ನಿಯಮವೇ. ಮೇಷ್ಟ್ರು ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು, ಮೇಡಂ ಉಳಿದ ಪೊಟ್ಟಣಗಳನ್ನು ವಾಪಸು ತೆಗೆದುಕೊಂಡರು. ಎಲ್ಲರಿಗಿಂತ ಮೊದಲು ಬಂದಿದ್ದ ಪ್ರಶ್ನೆ ಹುಡುಗಿಯ ಅಧ್ಯಯನವೊಂದು ಉಳಿಯಿತು. ಅದರಲ್ಲೂ ಬಾಕಿ ಇದ್ದದ್ದು ಒಂದೇ ಭೇಟಿ.

ಮನೆ ಬಿಕೋ ಎಂದಿತು. ಗುಬ್ಬಿಗಳು ಗೋಡೆಯ ಮೇಲೆ ಕೂತು ಕಾದು, ಬೈದು ಹಾರಿಹೋದವು. ಮಾಡಿದ್ದು ಸರಿಯೆಂದು ಗೊತ್ತಿದ್ದರೂ ಕಂಡಕ್ಟರಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಆ ಕೊನೆಯ ಭೇಟಿಯ ದಿನ ಬಂತು. ಭಾನುವಾರ.

"ಕಳೆದ ವಾರ ಎಷ್ಟು ಜನ ಬಂದಿದ್ರು ಅಮ್ಮ?"

"ಸೊನ್ನೆ. ಈ ಸಲ ನಿನ್ನ ನಿಯಮ ಇಲ್ದಿದ್ರೂ ಸೊನ್ನೆನೇ."

ಹುಡುಗಿ ತಲೆ ತಗ್ಗಿಸಿ ಬರೆಯುತ್ತಿದ್ದಾಗ ಬಾಗಿಲು ತಟ್ಟಿದ ಸದ್ದು. ಹೆಗಲ ಮೇಲೆ ಕಾಳಿನ ಚೀಲ ಹೊತ್ತು ಗುಬ್ಬಿಯವನು ನಿಂತಿದ್ದ. ಹಿಂದೆ ಮೇಷ್ಟ್ರು, ಅವರ ಹಿಂದೆ ಡಬ್ಬಿ ಹಿಡಿದ ಮೇಡಂ. ಬೆಂಚಿನ ಮೇಲೆ ಇಕ್ಕಟ್ಟಾಗಿ ಕೂತ ದಿನದಿಂದ ಮೂವರೂ ಕ್ಯಾಂಟೀನಿನಲ್ಲಿ ಒಟ್ಟಿಗೇ ಕೂರತೊಡಗಿದ್ದರಂತೆ, ಇವಳ ಮಾತೆತ್ತಿ ನಗದ ದಿನವಿರಲಿಲ್ಲವಂತೆ.

"ಈ ಮನೆ ಈಗ ನನ್ನ ಅಧ್ಯಯನದಲ್ಲಿಲ್ಲ" ಎಂದ ಗುಬ್ಬಿಯವನು. "ಹಾಗಾಗಿ ಗುಬ್ಬಿಗೆ ಧಾರಾಳವಾಗಿ ಹಾಕಬಹುದು."

"ಇದು ಗಂಜಿ ಅಲ್ಲ, ಹೆದರ್ಬೇಡಿ" ಎಂದು ಮೇಡಂ ಡಬ್ಬಿ ಮುಂದೆ ಹಿಡಿದರು.

ಕಂಡಕ್ಟರಮ್ಮ ಬಾಗಿಲಿಗೆ ಅಡ್ಡ ನಿಂತೇ ಇದ್ದಳು. "ಏನು ಕೆಲಸದ ಮೇಲೆ ಬಂದಿದೀರಿ?"

"ಕೆಲಸ ಏನಿಲ್ಲಮ್ಮ" ಎಂದರು ಮೇಷ್ಟ್ರು. "ಸುಮ್ನೆ ಬಂದ್ವಿ."

ಕಂಡಕ್ಟರಮ್ಮನ ಕಣ್ಣು ತುಂಬಿತು. ಅದು ಕಾಣದಿರಲೆಂದು ದನಿ ಏರಿಸಿ, "ಬಾಗಿಲ ಹತ್ರ ನಿಲ್ಬೇಡಿ, ಒಳಗೆ ಜಾಗ ಇದೆ" ಎಂದಳು. ಮೂವರೂ ಬೆಂಚಿನ ಮೇಲೆ ಕೂತ ಮೇಲೆ, ಹಳೆಯ ಅಭ್ಯಾಸದಂತೆ ಬೆರಳು ತೋರಿಸಿ ತಲೆ ಎಣಿಸತೊಡಗಿದಳು. ಒಂದು, ಎರಡು, ಮೂರು. ಬೆರಳು ಪ್ರಶ್ನೆ ಹುಡುಗಿಯ ಮುಂದೆ ನಿಂತಿತು.

ಹುಡುಗಿ ಪೆನ್ನು ಮುಚ್ಚಿ ಚೀಲಕ್ಕೆ ಹಾಕಿದಳು. "ನನ್ನ ಪ್ರಶ್ನೆ ಎಲ್ಲ ಮುಗೀತು ಅಮ್ಮ. ನಾನೂ ಸುಮ್ನೆ ಕೂತಿದೀನಿ."

"ನಾಲ್ಕು" ಎಂದು ಕಂಡಕ್ಟರಮ್ಮ ಟೀಗೆ ನೀರಿಡಲು ಒಳಗೆ ಹೋದಳು.