ತಕ್ಕಡಿ ಸಾಹೇಬರ ಸೈಕಲ್ ಮೀಟರು

ನನ್ನ ಅಕ್ಕನ ಗಂಡನನ್ನು ಪೇಟೆಯವರು ತಕ್ಕಡಿ ಸಾಹೇಬರು ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವರು ಅವರು. ದೂರದಲ್ಲಿ ಅವರ ಸೈಕಲ್ ಕಂಡರೆ ಸಾಕು, ತರಕಾರಿ ಅಂಗಡಿಯಿಂದ ಹಿಡಿದು ಬಂಗಾರದ ಅಂಗಡಿಯವರೆಗೂ ತಕ್ಕಡಿಯ ತಟ್ಟೆ ಒರೆಸುವ ಸಡಗರ. ಒಬ್ಬರ ಮೇಲೂ ದನಿ ಎತ್ತರಿಸಿದವರಲ್ಲ. ಸುಮ್ಮನೆ ಬಗ್ಗಿ ನೋಡುತ್ತಿದ್ದರು, ಅಷ್ಟಕ್ಕೇ ಅಂಗಡಿಯವನ ಬಾಯಿ ಒಣಗುತ್ತಿತ್ತು.

ಅವರಿಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಟ್ಯಾಕ್ಸಿ ಮೀಟರುಗಳ ಪರೀಕ್ಷೆ. ಅಳೆದು ಗುರುತು ಹಾಕಿದ ರಸ್ತೆಯಲ್ಲಿ ಗಾಡಿ ಓಡಿಸಿ, ಮೀಟರು ಹೇಳಿದ್ದು ರಸ್ತೆ ಹೇಳಿದ್ದಕ್ಕೆ ಸರಿಹೊಂದಿದರೆ ಸೀಸದ ಮುದ್ರೆ ಒತ್ತುತ್ತಿದ್ದರು. ಮನೆಗೆ ಬಂದು ಅಕ್ಕನ ಮುಂದೆ ಅದೇ ಪುರಾಣ. ಮೀಟರು ತಾನಾಗಿ ಸುಳ್ಳು ಹೇಳುವುದಿಲ್ಲ, ಯಾರೋ ಹೇಳಿಕೊಟ್ಟಿರುತ್ತಾರೆ. ಮುದ್ರೆ ಒಡೆದ ಮೀಟರು ಆಮೇಲೆ ಏನು ತೋರಿಸಿದರೂ ಲೆಕ್ಕಕ್ಕಿಲ್ಲ, ಸೊನ್ನೆಗೆ ತಂದು ಮೊದಲಿನಿಂದ ಅಳೆಯಬೇಕು. ಅಕ್ಕ ಹೂಂಗುಟ್ಟುತ್ತಾ ಬಟ್ಟೆ ಮಡಚುತ್ತಿದ್ದಳು. ಅವಳಿಗೆ ಒಂದಕ್ಷರವೂ ಕಿವಿಗೆ ಬೀಳುತ್ತಿಲ್ಲ ಅಂತಲೇ ನಾನು ಅಂದುಕೊಂಡಿದ್ದೆ.

ಇಂಥ ಮನುಷ್ಯನಿಗೆ ಮೂರು ಸೈಕಲ್ಲು. ಕೆಲಸಕ್ಕೆ ಸೇರಿದ ವರ್ಷ ಕೊಂಡ ಎತ್ತರದ ಕಪ್ಪು ಸೈಕಲ್ಲಿಗೆ ಅಕ್ಕ ಇಟ್ಟ ಹೆಸರು ಅಜ್ಜ. ಭಾನುವಾರ ಊರಾಚೆಯ ದಾರಿ ಹಿಡಿಯಲು ತಂದ ತೆಳು ಟೈರಿನದು ಕುದುರೆ. ರೈಲಿನಲ್ಲಿ ಮಡಚಿ ಒಯ್ಯುವ ಪುಟ್ಟ ಚಕ್ರದ್ದು ಮರಿ. ಮನೆಯಲ್ಲಿ ತನಗೆ ಮೂವರು ಸವತಿಯರು ಎಂದು ಅಕ್ಕ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಮೂರಕ್ಕೂ ಸೇರಿ ಮೀಟರು ಮಾತ್ರ ಒಂದೇ. ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲ, ಯಾವ ಸೈಕಲ್ ಹೊರಟರೂ ಅದರ ಹ್ಯಾಂಡಲಿಗೆ ಟಕ್ಕೆಂದು ಕೂರಿಸಬಹುದು. ಒಟ್ಟು ಎಷ್ಟು ದೂರ ತುಳಿದಿದ್ದಾರೆ ಎಂಬುದು ಅದರಲ್ಲಿ ಮೂರೂ ಸೈಕಲ್ಲಿನದು ಕೂಡಿ ಬರುತ್ತಿತ್ತು.

ಆ ಮೀಟರಿಗೆ ದಾರಿ ಗೊತ್ತಾಗುವುದಿಲ್ಲ ಎಂದು ಭಾವ ನನಗೆ ಒಮ್ಮೆ ವಿವರಿಸಿದ್ದರು. ಚಕ್ರ ಎಷ್ಟು ಸುತ್ತು ತಿರುಗಿತು ಎಂಬುದಷ್ಟೇ ಅದಕ್ಕೆ ತಿಳಿಯುವುದು. ಒಂದು ಸುತ್ತಿಗೆ ಎಷ್ಟು ದೂರ ಎಂಬುದನ್ನು ನಾವೇ ತುಂಬಿಸಬೇಕು. ಅದರೊಳಗೆ ಎರಡು ಚಕ್ರಗಳ ಅಳತೆಗೆ ಮಾತ್ರ ಜಾಗ. ಅಜ್ಜನಿಗೂ ಕುದುರೆಗೂ ಒಂದನೇ ಅಳತೆ, ಮರಿಗೆ ಎರಡನೆಯದು. ಅಜ್ಜನ ಚಕ್ರ, ಕುದುರೆಯ ಚಕ್ರ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದೆಂದು ಈ ಮಹಾನುಭಾವರು ಟೈರಿನ ಅಂಗಡಿಗಳನ್ನೆಲ್ಲ ಜಾಲಾಡಿದ್ದರು. ಮರಿಯನ್ನು ಹೊರಗೆ ತೆಗೆದಾಗ ಹಿಂದಿನ ಗುಂಡಿ ಒತ್ತಿ ಎರಡಕ್ಕೆ ಹಾಕಬೇಕು, ವಾಪಸ್ ಬಂದ ಮೇಲೆ ಒತ್ತಿ ಒಂದಕ್ಕೆ ತರಬೇಕು. ಅವರು ಒಂದು ದಿನವೂ ಮರೆತವರಲ್ಲ.

ನಿವೃತ್ತಿಯಾದ ಮಾರನೇ ವರ್ಷ ರೈಲ್ವೆ ಗೇಟಿನ ಇಳಿಜಾರಿನಲ್ಲಿ, ಒದ್ದೆ ಎಲೆಗಳ ಮೇಲೆ ಕುದುರೆ ಜಾರಿತು. ಭಾವನ ಹೆಗಲಿನ ಎಲುಬು ಮುರಿಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅಕ್ಕ ಪಟ್ಟು ಹಿಡಿದಳು, ಇನ್ನು ಸೈಕಲ್ ಸುತರಾಂ ಬೇಡ ಎಂದು. ಮೂರು ದಿನ ಅವಳ ಮುಖದ ಗಂಟು ಬಿಡಲಿಲ್ಲ. ಕೊನೆಗೆ ಭಾವನೇ ಒಂದು ಒಪ್ಪಂದಕ್ಕೆ ಬಂದರು. ಭೂಮಿಯ ಸುತ್ತಳತೆ ಸುಮಾರು ನಲವತ್ತು ಸಾವಿರ ಕಿಲೋಮೀಟರು. ಮೀಟರಿನಲ್ಲಿ ಆಗಲೇ ಮೂವತ್ತಾರರ ಮೇಲಿತ್ತು. ನಲವತ್ತು ತುಂಬಿದ ದಿನ ಮೂರನ್ನೂ ಕೊಟ್ಟುಬಿಡುತ್ತೇನೆ, ಅಲ್ಲಿಯವರೆಗೆ ಬಿಡು ಎಂದರು. ಅಕ್ಕ ಅರೆಮನಸ್ಸಿನಿಂದ ಒಪ್ಪಿದಳು. ಭಾವ ಮಾತು ಕೊಟ್ಟರೆಂದರೆ ಅದು ಸೀಸದ ಮುದ್ರೆ ಒತ್ತಿದ ಹಾಗೆ, ಅದು ನಮಗೆಲ್ಲ ಗೊತ್ತಿತ್ತು.

ಅಂದಿನಿಂದ ಒಂದು ಹೊಸ ಪದ್ಧತಿ ಬಂತು. ಮಧ್ಯಾಹ್ನ ಅವರು ನನ್ನ ಹೊಲಿಗೆ ಅಂಗಡಿಗೆ ಚಹಾಕ್ಕೆ ಬರುವುದು ಮೊದಲಿನಿಂದಲೂ ರೂಢಿ. ಬಿದ್ದ ಮೇಲೆ, ಅವರು ಮನೆಯ ಗೇಟು ದಾಟಿದ ಕೂಡಲೇ ಅಕ್ಕ ನನ್ನ ಫೋನಿಗೆ ಒಂದೇ ಒಂದು ರಿಂಗ್ ಕೊಟ್ಟು ಇಡುತ್ತಿದ್ದಳು. ನಾನು ಹೊಲಿಗೆ ನಿಲ್ಲಿಸಿ ಒಲೆಯ ಮೇಲೆ ಚಹಾದ ನೀರು ಇಡುತ್ತಿದ್ದೆ. ನೀರು ಮರಳುವ ಹೊತ್ತಿಗೆ ಬಾಗಿಲಲ್ಲಿ ಬ್ರೇಕಿನ ಕಿರ್ ಸದ್ದು. ಆಗ ನಾನು ಅಕ್ಕನಿಗೆ ಒಂದು ರಿಂಗ್ ಕೊಡುತ್ತಿದ್ದೆ, ಮುಟ್ಟಿದರು ಅಂತ. ಭಾವನಿಗೆ ಇದೆಲ್ಲ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಕೂತು ಚಹಾ ಕುಡಿಯುತ್ತಿದ್ದರು.

ಮೂವತ್ತೆಂಟು ದಾಟಿತು. ಅಲ್ಲಿಂದ ಭಾವ ಬದಲಾಗತೊಡಗಿದರು. ಮೊದಲೆಲ್ಲ ನನ್ನ ಅಂಗಡಿಯಿಂದ ಕೆರೆ ಬಳಸಿ ಮನೆಗೆ ಹೋಗುತ್ತಿದ್ದವರು ನೇರ ದಾರಿ ಹಿಡಿದರು. ರೈಲಿನ ಪ್ರಯಾಣ ನಿಂತು ಮರಿ ಮೆಟ್ಟಿಲ ಕೆಳಗೆ ಮಡಚಿಕೊಂಡು ಮಲಗಿತು. ಉಳಿದಿದ್ದನ್ನು ಜುಗ್ಗನ ಹಾಗೆ ಉಳಿಸಿ ಉಳಿಸಿ ತುಳಿಯುತ್ತಿದ್ದರು. ನಗು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ನಾನು ತಮಾಷೆ ಮಾಡಿದರೆ ಮೊದಲಿನಂತೆ ತಿರುಗಿ ಬಾಣ ಬಿಡುವುದನ್ನೂ ಬಿಟ್ಟರು. ಅಕ್ಕನ ಮೇಲೆ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಆದರೆ ಗಂಡ ಹೆಂಡಿರ ನಡುವೆ ಮೂಗು ತೂರಿಸಿ ಮೂಗು ಕೊಯ್ಸಿಕೊಳ್ಳುವುದು ಯಾರಿಗೆ ಬೇಕು?

ಹೀಗಿರುವಾಗ ಒಂದು ದಿನ ಭಾವ ಅಜ್ಜನನ್ನು ಅಂಗಡಿಯ ಒಳಗೇ ತಂದು ಗೋಡೆಗೆ ಒರಗಿಸಿದರು. ಚಹಾದ ಲೋಟ ಮುಟ್ಟಲಿಲ್ಲ. ಯಾರಾದರೂ ಬೇಕೆಂದವರಿಗೆ ಇದನ್ನು ಕೊಟ್ಟುಬಿಡು, ಕುದುರೆಯನ್ನೂ ಮರಿಯನ್ನೂ ನಾಳೆ ತಂದುಬಿಡುತ್ತೇನೆ ಎಂದರು. ನಲವತ್ತು ತುಂಬಿತೇ ಎಂದು ಕೇಳಿದೆ. ಇಲ್ಲ, ಇನ್ನೂ ಇನ್ನೂರು ಬಾಕಿ ಇದೆಯಂತೆ.

ನಾನು ಕತ್ತರಿ ಕೆಳಗಿಟ್ಟೆ. ಬಾಕಿ ಇರುವಾಗಲೇ ಬಿಟ್ಟುಕೊಡುವಂಥದ್ದು ಏನಾಯಿತು ಎಂದು ಗದರಿಸಿಯೇ ಕೇಳಿದೆ.

"ಕಾಲು ಹೋಯ್ತು ಕಣೆ" ಎಂದರು. "ಮೊದಲು ಮೀಟರು ಗಂಟೆಗೆ ಹದಿನೆಂಟರ ವೇಗ ತೋರಿಸ್ತಿತ್ತು. ಈಗ ಎಷ್ಟು ತುಳಿದ್ರೂ ಹದಿಮೂರು ದಾಟಲ್ಲ. ಮೂರು ತಿಂಗಳಿಂದ ನೋಡ್ತಾ ಇದೀನಿ. ನಿಮ್ಮಕ್ಕ ಹೇಳಿದ್ದೇ ಸರಿ."

ಬೇರೆ ಯಾರಾಗಿದ್ದರೂ ಸಮಾಧಾನ ಹೇಳುತ್ತಿದ್ದೆ. ಆದರೆ ಸಮಾಧಾನಕ್ಕೆ ಮುಂಚೆ ನನ್ನ ತಲೆಯೊಳಗೆ ಒಂದು ಹುಳ ಹೊಕ್ಕಿತು. ಅಕ್ಕನ ರಿಂಗ್ ಬಂದಾಗ ನೀರಿಟ್ಟಿದ್ದೆ. ಬ್ರೇಕಿನ ಸದ್ದಾದಾಗ ನೀರು ಮರಳುತ್ತಿತ್ತು. ನಿನ್ನೆಯೂ ಹಾಗೆಯೇ, ಹೋದ ವಾರವೂ ಹಾಗೆಯೇ, ಹೋದ ವರ್ಷವೂ ಹಾಗೆಯೇ. ಅದೇ ಪಾತ್ರೆ, ಅದೇ ಒಲೆ, ಅದೇ ದಾರಿ.

"ಅಲ್ಲ ಭಾವ, ಅಷ್ಟು ನಿಧಾನ ಆಗಿದ್ರೆ ಇಷ್ಟು ದಿನ ನನ್ನ ನೀರು ಮರಳಿ ಮರಳಿ ಇಂಗಿ ಹೋಗಬೇಕಿತ್ತು. ಒಂದಿನಾನೂ ಇಂಗಿಲ್ಲ. ನನ್ನ ಒಲೆ ಸುಳ್ಳೋ, ನಿಮ್ಮ ಮೀಟರು ಸುಳ್ಳೋ?"

ಭಾವ ನನ್ನನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಜೀವಮಾನವಿಡೀ ಊರಿನ ಮೀಟರುಗಳನ್ನೆಲ್ಲ ಅನುಮಾನಿಸಿದ ಮನುಷ್ಯ, ತನ್ನ ಸ್ವಂತದ್ದೊಂದನ್ನು ಮಾತ್ರ ಕಣ್ಣು ಮುಚ್ಚಿ ನಂಬಿ, ತನ್ನ ಕಾಲನ್ನೇ ಅನುಮಾನಿಸಿದ್ದರು. ಅವರು ಎದ್ದು ಹೋಗಿ ಅಜ್ಜನ ಮುಂದೆ ಬಗ್ಗಿದರು. ಮೀಟರಿನ ಮೂಲೆಯಲ್ಲಿ ಎಳ್ಳುಕಾಳಿನಷ್ಟು ಚಿಕ್ಕ ಅಂಕಿಯೊಂದಿತ್ತು. ದೂರ ನೋಡುವ ಅವರ ಕನ್ನಡಕಕ್ಕೆ ಅದು ಕಾಣದು. ಸೂಜಿಗೆ ದಾರ ಪೋಣಿಸುವ ನನ್ನ ಕನ್ನಡಕ ಕೊಟ್ಟೆ.

"ಎರಡು" ಎಂದರು. "ಇದು ಮರಿಯ ಲೆಕ್ಕ."

ಆದರೂ ಅಳೆಯದೆ ನಂಬುವ ಜಾತಿಯೇ ಅದು? ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೇಳಿದರು, ಟೇಪು ಕೇಳಿದರು. ಟೈರಿಗೆ ಒಂದು ಗೆರೆ, ನೆಲಕ್ಕೆ ಒಂದು ಗೆರೆ. ನಾನು ಹ್ಯಾಂಡಲ್ ಹಿಡಿದು ಹೆಜ್ಜೆ ಹೆಜ್ಜೆಯಾಗಿ ತಳ್ಳಿದೆ, ಅವರು ಮೊಣಕಾಲೂರಿ ಚಕ್ರದ ಜೊತೆಗೇ ಸರಿದರು. ಗೆರೆ ಮತ್ತೆ ನೆಲ ಮುಟ್ಟಿದ ಕಡೆ ಇನ್ನೊಂದು ಗುರುತು. ಟೇಪು ಹಿಡಿದು ನೋಡಿದರೆ, ಮೀಟರು ಲೆಕ್ಕ ಹಿಡಿಯುತ್ತಿದ್ದದ್ದು ಚಕ್ರದ ನಿಜವಾದ ಸುತ್ತಿನ ಮುಕ್ಕಾಲು ಪಾಲನ್ನೂ ಮುಟ್ಟುತ್ತಿರಲಿಲ್ಲ. ಕಾಲು ಗಟ್ಟಿಯಾಗಿಯೇ ಇತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಭಾವ ಮಾತ್ರ ನೆಲದ ಮೇಲೆಯೇ ಕೂತುಬಿಟ್ಟರು. ಮರಿಯಿಂದ ಇಳಿದ ಮೇಲೆ ಒಂದಕ್ಕೆ ಹಾಕಿದ್ದು ತನಗೆ ಚೆನ್ನಾಗಿ ನೆನಪಿದೆ, ಈಗ ನೋಡಿದರೆ ಹಾಕಿಲ್ಲ ಎಂದರು. ಅವರ ದನಿ ತೀರ ಇಳಿದುಹೋಗಿತ್ತು.

"ಕಾಲು ಹೋಯ್ತು ಅಂದುಕೊಂಡಿದ್ದೆ. ಹೋಗಿರೋದು ತಲೆ."

ಅಷ್ಟರಲ್ಲಿ ಅಕ್ಕ ಬಾಗಿಲಲ್ಲಿದ್ದಳು. ಏದುಸಿರು, ಒಂದು ಕಾಲಿಗೆ ಮನೆಯ ಚಪ್ಪಲಿ, ಇನ್ನೊಂದಕ್ಕೆ ಭಾವನದು. ನೀರು, ಮೀಟರು ಎನ್ನುವ ಗಲಾಟೆಯಲ್ಲಿ ನಾನು ಅವಳಿಗೆ ರಿಂಗ್ ಕೊಡುವುದನ್ನೇ ಮರೆತಿದ್ದೆ. ನೆಲದ ಮೇಲೆ ಕೂತ ಗಂಡನನ್ನು ಕಂಡು ಅವಳು ಗೋಡೆ ಹಿಡಿದುಕೊಂಡಳು. ಬಿದ್ದಿಲ್ಲ, ಅಳೆಯುತ್ತಿದ್ದೇವೆ ಎಂದು ನಾನು ಗಡಿಬಿಡಿಯಲ್ಲಿ ಹೇಳಿದೆ. ಅವಳ ಕಣ್ಣು ಸೀಮೆಸುಣ್ಣದ ಗೆರೆಗಳ ಮೇಲೆ ಹೋಯಿತು, ಮೀಟರಿನ ಮೇಲೆ ಹೋಯಿತು.

ಭಾವ ಅದೇ ಮಾತನ್ನು ಅವಳಿಗೂ ಹೇಳಿದರು, ತನಗೆ ಮರೆವು ಶುರುವಾಗಿದೆ ಎಂದು.

"ನಿಮ್ಮ ತಲೆಗೇನೂ ಆಗಿಲ್ಲ" ಎಂದಳು ಅಕ್ಕ. "ಗುಂಡಿ ಒತ್ತಿದ್ದು ನಾನು."

ಅಕ್ಕ ನನ್ನ ಹೊಲಿಗೆಯ ಸ್ಟೂಲಿನ ಮೇಲೆ ಕೂತು, ಬಿಚ್ಚಿಹೋದ ಕೂದಲನ್ನು ಕಟ್ಟಿಕೊಳ್ಳುತ್ತಾ ಹೇಳಿದಳು. ನಲವತ್ತು ಹತ್ತಿರವಾದಷ್ಟೂ ಇವರು ಕಣ್ಣೆದುರಿಗೇ ಒಣಗುತ್ತಾ ಬಂದರು. ಬೇಡ ಎಂದು ಹಟ ಹಿಡಿದವಳು ತಾನೇ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ಬರಲಿಲ್ಲ. ಮೂವತ್ತೊಂಬತ್ತು ಸಾವಿರ ಆದ ದಿನ, ಅವರು ಶೂ ಕಟ್ಟಿಕೊಳ್ಳುವಾಗ, ಮೀಟರನ್ನು ತಾನೇ ಕೂರಿಸುವ ನೆಪದಲ್ಲಿ ಹಿಂದಿನ ಗುಂಡಿ ಒತ್ತಿದಳು. ಚಿಕ್ಕ ಚಕ್ರದ ಲೆಕ್ಕದಲ್ಲಿ ನಿಧಾನವಾಗಿ ಏರಲಿ, ಇವರಿಗೆ ಇನ್ನಷ್ಟು ದಿನ ಸಿಗಲಿ ಎಂದು.

"ವೇಗವೂ ಇಳಿಯುತ್ತೆ ಅಂತ ನನಗೇನು ಗೊತ್ತು ರೀ" ಎಂದಳು. ಅವಳ ಕಣ್ಣು ತುಂಬಿತ್ತು. "ಇನ್ನಷ್ಟು ದಿನ ಕೊಡೋಕೆ ಹೋಗಿ ಇದ್ದ ಧೈರ್ಯಾನೂ ಕಿತ್ಕೊಂಡೆ."

ಭಾವನ ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಲೆಕ್ಕ ಹಾಕುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಆ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನನಗೂ ಹೊಳೆದಿತ್ತು.

"ಹಾಗಾದ್ರೆ ನಲವತ್ತು ಸಾವಿರ ಯಾವಾಗಲೋ ದಾಟಿದೆ" ಎಂದರು. "ನಾನು ಕೊಟ್ಟ ಮಾತು ಮುಗಿದಿದೆ."

ಈ ಮನುಷ್ಯನ ಪ್ರಾಮಾಣಿಕತೆಯನ್ನು ಅವರ ತಕ್ಕಡಿಯಲ್ಲೇ ಹಾಕಿ ಹಳ್ಳಕ್ಕೆ ಎಸೆಯಬೇಕು ಅನ್ನಿಸಿತು ನನಗೆ. ಬಾಯಿ ತೆರೆದೆ. ಅಕ್ಕ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದಳು. ಕಣ್ಣೊರೆಸಿಕೊಂಡು ಎದ್ದು, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯಾವ ಲೆಕ್ಕದಲ್ಲಿ ದಾಟಿದೆ? ಇದು ತಿದ್ದಿದ ಮೀಟರು. ಮುದ್ರೆ ಒಡೆದ ಮೀಟರು ಏನು ತೋರಿಸಿದ್ರೂ ಲೆಕ್ಕಕ್ಕಿಲ್ಲ ಅಂತ ಮೂವತ್ತು ವರ್ಷ ನನ್ನ ತಲೆ ತಿಂದಿದೀರಲ್ಲ. ಟ್ಯಾಕ್ಸಿಯವರಿಗೆ ಒಂದು ಕಾನೂನು, ನಿಮಗೆ ಒಂದಾ?"

ಎಷ್ಟೋ ಅಂಗಡಿಯವರನ್ನು ಹಿಡಿದು ನಿಲ್ಲಿಸಿದ್ದ ಇನ್‌ಸ್ಪೆಕ್ಟರು, ಈಗ ತಾವೇ ಸಿಕ್ಕಿಬಿದ್ದಿದ್ದರು. ಇಂಥ ಮೀಟರನ್ನು ಏನು ಮಾಡಬೇಕು ಎಂದು ಅಕ್ಕ ಬಿಡದೆ ಕೇಳಿದಳು. ಸೊನ್ನೆಗೆ ತರಬೇಕು ಎಂದು ಅವರು ಮೆಲ್ಲಗೆ ಹೇಳಿದರು. ಹಾಗಾದರೆ ತನ್ನಿ ಎಂದಳು.

ಸೊನ್ನೆಗೆ ತರಲು ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿಯಬೇಕು. ಭಾವನ ಬೆರಳು ಅಲ್ಲಿಗೆ ಹೋಗಿ ನಿಂತುಬಿಟ್ಟಿತು. ಎಷ್ಟು ವರ್ಷಗಳ ದಾರಿ ಅದು! ಅಕ್ಕ ಬಗ್ಗಿ ತನ್ನ ಬೆರಳನ್ನು ಅವರ ಬೆರಳಿನ ಮೇಲೆ ಇಟ್ಟಳು.

"ನನಗೆ ಹೆದರಿಕೆ ಹೋಗಿಲ್ಲ" ಎಂದಳು. "ನೀವು ಗೇಟು ದಾಟಿದ್ರೆ ಹೆದರಿಕೆ. ಆದ್ರೆ ನೀವು ಮನೇಲಿ ಗೋಡೆ ನೋಡ್ತಾ ಕೂತ್ರೆ ಅದಕ್ಕಿಂತ ಹೆಚ್ಚು ಹೆದರಿಕೆ. ರೈಲ್ವೆ ಗೇಟಿನ ಕಡೆ ಮಾತ್ರ ಹೋಗಬೇಡಿ. ಒತ್ತಿ."

ಅಂಕಿ ಒಮ್ಮೆ ಮಿನುಗಿ ಮಾಯವಾಯಿತು. ಮೂಲೆಯಲ್ಲಿ ಒಂದು, ನಡುವೆ ಬರೀ ಸೊನ್ನೆ. ಚಹಾ ಆರಿಹೋಗಿತ್ತು, ನಾನು ಮತ್ತೆ ನೀರಿಟ್ಟೆ. ಮೂವರೂ ನೆಲದ ಗೆರೆಗಳ ಪಕ್ಕದಲ್ಲೇ ಕೂತು ಕುಡಿದೆವು. ಹೋಗುವಾಗ ಭಾವ ಅಜ್ಜನನ್ನು ತಳ್ಳಿಕೊಂಡು ಅಕ್ಕನ ಪಕ್ಕದಲ್ಲಿ ನಡೆದರು. ತಳ್ಳಿಕೊಂಡು ಹೋದರೂ ಮೀಟರು ಎಣಿಸುತ್ತದೆ, ಹೊಸ ಲೆಕ್ಕದ ಮೊದಲ ಕಿಲೋಮೀಟರು ಹಾಗೆ ಇಬ್ಬರದೂ ಆಯಿತು.

ಈಗ ಮೀಟರು ಅಕ್ಕನ ವಶದಲ್ಲಿದೆ. ಭಾವ ಶೂ ಕಟ್ಟಿಕೊಳ್ಳುವಾಗ ಯಾವ ಗಾಡಿ ಎಂದು ಅವಳು ಕೇಳುತ್ತಾಳೆ. ಕುದುರೆ ಎಂದರೆ ಒಂದು, ಮರಿ ಎಂದರೆ ಎರಡು. ಸರಿಯಾದದ್ದನ್ನು ಒತ್ತಿ, ತನ್ನ ಕೈಯಿಂದಲೇ ಹ್ಯಾಂಡಲಿಗೆ ಕೂರಿಸಿ, ಆಮೇಲೆ ನನಗೆ ರಿಂಗ್ ಕೊಡುತ್ತಾಳೆ. ಅವರು ವಾಪಸ್ ಬಂದಾಗ ಮೊದಲು ಮೊಣಕೈ, ಮೊಣಕಾಲು ನೋಡುತ್ತಾಳೆ. ಎಷ್ಟು ಕಿಲೋಮೀಟರು ಎಂದು ಕೇಳುವುದಿಲ್ಲ.

ಮೊನ್ನೆ ಚಹಾ ಕೊಡುವಾಗ ನಾನು ಸುಮ್ಮನಿರಲಾರದೆ ಕೆಣಕಿದೆ, ಈ ಸಲ ಎಷ್ಟಕ್ಕೆ ನಿಲ್ಲಿಸುತ್ತೀರಿ ಭಾವ ಎಂದು. ಅವರು ಲೋಟ ಊದಿಕೊಳ್ಳುತ್ತಾ, ಬಹಳ ದಿನಗಳ ಮೇಲೆ ಮೊದಲಿನ ಹಾಗೆ ನಕ್ಕರು.

"ನನ್ನನ್ನೇನು ಕೇಳ್ತೀಯ? ಗುಂಡಿ ನಿಮ್ಮಕ್ಕನ ಹತ್ರ ಇದೆ."