ಇಂಜಿನ್‌ಗೆ ಕಟ್ಟಿದ ಕೆಂಪು ಬಟ್ಟೆ

ತೀರಿಕೊಂಡ ನನ್ನ ಹೆಂಡತಿಯ ಹಳೇ ಸ್ಕೂಟರನ್ನು ಇವತ್ತು ಸ್ಟಾರ್ಟ್ ಮಾಡಿದೆ. ಕಪ್ಪು ಹೊಗೆ, ಹಸಿ ಪೆಟ್ರೋಲ್ ವಾಸನೆ. ಕಾಲೇಜಿನಲ್ಲಿ ಇದಕ್ಕೆ ‘ರಿಚ್ ಮಿಕ್ಸ್ಚರ್’ ಅಂತಲೋ ಏನೋ ಹೇಳಿಕೊಟ್ಟಿದ್ದರು; ಕಾರ್ಬೊರೇಟರಿಗೆ ಎಣ್ಣೆ ಜಾಸ್ತಿ, ಗಾಳಿ ಕಮ್ಮಿ. ನನಗದು ಹತ್ತು ವರ್ಷದವನಿದ್ದಾಗಲೇ ಗೊತ್ತಿತ್ತು.

ಹಂಗಾರಕಟ್ಟೆಯಲ್ಲಿ ಹೊಳೆ ಕಡಲು ಸೇರುವ ಅಳಿವೆ. ಅಪ್ಪಯ್ಯನ ಮೀನು ದೋಣಿಯಲ್ಲಿ ನಾನು ಮತ್ತು ಮಾವ. ಅಲೆ ಒಡೆಯುವ ಜಾಗದಲ್ಲೇ ಇಂಜಿನ್ ಕೆಮ್ಮಿ, ಕಪ್ಪು ಹೊಗೆ ಕಾರಿ ನಿಂತಿತು. ದೋಣಿ ಅಲೆಗೆ ಅಡ್ಡ ತಿರುಗಿತು.

“ಹ್ವಾಯ್ ಬಾವ, ಎಂತ ಆಯ್ತ್?” ಮಾವ ಹುಟ್ಟು ಹಾಕುತ್ತಾ ಕೂಗಿದರು.

ಅಪ್ಪಯ್ಯ ಪ್ಲಗ್ ಬಿಚ್ಚಿ ಮೂಸಿದರು. ಮಸಿ ಹಿಡಿದು ಒದ್ದೆಯಾಗಿತ್ತು. 

“ಎಣ್ಣಿ ಬತ್ತಿತ್ತ್, ಗಾಳಿ ಬತ್ತಿಲ್ಲೆ. ಚೋಕ್ ಸಮಾ ಇತ್ತ್. ಮತ್ತೆಂತಕ್ಕ್?”

ಎಂತಕ್ಕೆಂದು ನನಗೆ ಗೊತ್ತಿತ್ತು. ಕಡಲು ನಮಗೆ ಏನೂ ಮಾಡದಿರಲಿ ಅಂತ, ಕೊಲ್ಲೂರಿನ ಪ್ರಸಾದದ ಕೆಂಪು ಬಟ್ಟೆಯನ್ನು ಇಂಜಿನ್ ಮುಚ್ಚಳಕ್ಕೆ ಬಿಗಿದವನು ನಾನೇ. ಅದು ನೆನೆದು ಗಾಳಿಕಿಂಡಿಗೆ ಅಂಟಿತ್ತು. ಬಿಚ್ಚಿದರೆ ದೇವಿಗೆ ಸಿಟ್ಟು, ಬಿಚ್ಚದಿದ್ದರೆ ಕಡಲು. ಬಟ್ಟೆಯತ್ತ ಬೆರಳು ತೋರಿಸಿದೆ.

ಅಪ್ಪಯ್ಯ ಅದನ್ನು ಕಿತ್ತು ನನ್ನ ಮಡಿಲಿಗೆ ಎಸೆದರು. “ಹಿಡ್ಕೊ. ದೇವ್ರ್ ನಿನ್ ಕೈಯಂಗೆ ಇರ್ಲಿ, ಇಂಜಿನಿಗೆ ಉಸ್ರ್ ಬೇಕ್ ಮಾರಾಯ!”

ಪ್ಲಗ್ ಒರೆಸಿ ಹಾಕಿ ಹಗ್ಗ ಎಳೆದರು. ಮೂರನೇ ಎಳೆತಕ್ಕೆ ಇಂಜಿನ್ ಹಿಡಿಯಿತು. ದಡ ಮುಟ್ಟುವವರೆಗೂ ನಾನು ಬಟ್ಟೆ ಹಿಡಿದ ಮುಷ್ಟಿ ಸಡಿಲಿಸಲಿಲ್ಲ.

ಸ್ಕೂಟರಿನ ಏರ್ ಫಿಲ್ಟರ್ ತುಂಬ ಧೂಳಿತ್ತು. ತೆಗೆದು ಕೊಡವಿದೆ, ಹೊಗೆ ನಿಂತಿತು. ಹೆಂಡತಿ ಹ್ಯಾಂಡಲಿಗೆ ಕಟ್ಟಿದ್ದ ಕೊಲ್ಲೂರಿನ ಕೆಂಪು ಬಟ್ಟೆ ಯಾವ ಗಾಳಿಗೂ ಅಡ್ಡವಿಲ್ಲ. ಆದರೂ ಅದರ ಗಂಟಿನ ಮೇಲೆ ಕೈ ಇಟ್ಟು ನಿಂತಿದ್ದೇನೆ. ಬಿಚ್ಚಲೂ ಹೆದರಿಕೆ, ಬಿಡಲೂ ಹೆದರಿಕೆ.